ಜಗುಲಿಗೆ ಬಂದ ಹೈಸ್ಕೂಲು

2020ರ ಮಾರ್ಚ್‌ನಲ್ಲಿ ಶಾಲೆಗಳಿಗೆ ಬೀಗ ಬಿದ್ದಾಗ, ಮನೆಯಲ್ಲಿ ಕೂತು ಪಾಠ ಕಲಿಯುವುದು ಅದೇ ತಾನೇ ಕಂಡುಹಿಡಿದ ಸಂಗತಿಯೆಂಬಂತೆ ಎಲ್ಲರೂ ಮಾತನಾಡಿದರು. ಆದರೆ ಶಾಲೆಗೆ ಹೋಗಲಾಗದವರ ಮನೆಗೆ ಪಾಠವನ್ನು ಮುಟ್ಟಿಸುವ ಪ್ರಯತ್ನ ಹಳೆಯ ಮೈಸೂರು ಸೀಮೆಗೆ ಹೊಸದಲ್ಲ. ಅದಕ್ಕೊಂದು ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ದೊಡ್ಡ ಪಾಲೇ ಇದೆ. ಅದನ್ನು ಮಂಡ್ಯ ಜಿಲ್ಲೆಯ ನಾಲ್ಕು ತಾಲೂಕುಗಳನ್ನು ಮುಂದಿಟ್ಟುಕೊಂಡು ನೋಡೋಣ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಸೇರಿದರೆ ಪಾಂಡವಪುರ ಉಪವಿಭಾಗ. ಕಾವೇರಿ ಮತ್ತು ನಾಲೆಗಳ ನೀರುಂಡ ಶ್ರೀರಂಗಪಟ್ಟಣಕ್ಕೂ ರಾಗಿ, ಹುರುಳಿಯ ಬೆದ್ದಲು ಹೆಚ್ಚಿರುವ ನಾಗಮಂಗಲಕ್ಕೂ ಬದುಕಿನ ರೀತಿಯಲ್ಲಿ ವ್ಯತ್ಯಾಸ ಬಹಳ. ಆದರೆ ಒಂದು ವಿಷಯದಲ್ಲಿ ನಾಲ್ಕೂ ಒಂದೇ. ಪ್ರಾಥಮಿಕ ಶಾಲೆ ಊರಲ್ಲೇ ಸಿಗುತ್ತದೆ, ಹೈಸ್ಕೂಲು ಸಿಗುವುದಿಲ್ಲ. ಹೋಬಳಿ ಕೇಂದ್ರದಲ್ಲೋ ದೊಡ್ಡ ಊರಿನಲ್ಲೋ ಇರುವ ಒಂದು ಹೈಸ್ಕೂಲಿಗೆ ಸುತ್ತಲಿನ ಹಲವು ಹಳ್ಳಿಗಳ ಮಕ್ಕಳು ಬರುತ್ತಾರೆ. ಏಳನೆಯ ತರಗತಿ ಮುಗಿಸಿದ ಮಗುವಿನ ಮುಂದೆ ಮೊದಲು ಬಂದು ನಿಲ್ಲುವ ಪ್ರಶ್ನೆ ಗಣಿತದ್ದಲ್ಲ, ದಾರಿಯದ್ದು.

ಈ ದಾರಿಯನ್ನು ಗಂಡುಮಕ್ಕಳು ಹೇಗೋ ದಾಟಿದರು. ಕೆ.ಆರ್. ಪೇಟೆ ತಾಲೂಕಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾಯರೂ ಅದೇ ತಾಲೂಕಿನ ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರೂ ಹೆಚ್ಚಿನ ಓದಿಗೆ ಊರು ಬಿಟ್ಟು ಹೋದವರೇ. ನೆಂಟರ ಮನೆ, ವಾರಾನ್ನ, ಹಾಸ್ಟೆಲ್ಲು ಹೀಗೆ ಆ ಕಾಲದ ಹುಡುಗರಿಗೆ ಒಂದಲ್ಲ ಒಂದು ಆಸರೆ ಇತ್ತು. ಹುಡುಗಿಯರಿಗೆ ಅದೂ ಇರಲಿಲ್ಲ. ಮೈಸೂರು ಸಂಸ್ಥಾನ 1913ರಲ್ಲೇ ಪ್ರಾಥಮಿಕ ಶಿಕ್ಷಣದ ಕಾನೂನು ತಂದಿತೆಂದು ನಾವು ಹೆಮ್ಮೆಪಡುತ್ತೇವೆ, ಪಡಲೇಬೇಕು. ಆದರೆ ಆ ಕಾನೂನಿನ ಕೈ ಪ್ರಾಥಮಿಕದ ಆಚೆಗೆ ಚಾಚಿರಲಿಲ್ಲ.

ಶಾಲೆಯ ಬಾಗಿಲು ಮುಚ್ಚಿದ್ದಲ್ಲಿ ಅಂಚೆಯ ಬಾಗಿಲು ತೆರೆಯಿತು. ಮನೆಯಲ್ಲೇ ಓದಿ ಹತ್ತಿರದ ಕೇಂದ್ರದಲ್ಲಿ ಪರೀಕ್ಷೆ ಬರೆಯುವ ಪದ್ಧತಿ ಈ ಭಾಗದ ಮಧ್ಯಮ ವರ್ಗದ ಮನೆಗಳಲ್ಲಿ ಎಷ್ಟು ಆಳವಾಗಿ ಬೇರೂರಿತ್ತೆಂಬುದನ್ನು ಇಂದಿನವರು ಮರೆತಿದ್ದಾರೆ. ಕನ್ನಡ ಸಾಹಿತ್ಯ ಪರಿಷತ್ತಿನ ಕಾವ, ಜಾಣ, ರತ್ನ ಪರೀಕ್ಷೆಗಳಿದ್ದವು. ಹಿಂದಿ ಪ್ರಚಾರ ಸಂಸ್ಥೆಗಳ ಪರೀಕ್ಷೆಗಳಿದ್ದವು. ಉರ್ದು ಬಲ್ಲ ಮನೆಗಳಿಗೆ 1939ರಲ್ಲಿ ಆರಂಭವಾದ ಜಾಮಿಯಾ ಉರ್ದುವಿನ ಅದೀಬ್, ಅದೀಬ್ ಮಾಹಿರ್, ಅದೀಬ್ ಕಾಮಿಲ್ ಪರೀಕ್ಷೆಗಳಿದ್ದವು. ಅಲೀಗಢದಿಂದ ನಡೆಯುತ್ತಿದ್ದ ಈ ಪರೀಕ್ಷೆಗಳಿಗೆ ದೇಶದ ಮೂಲೆಮೂಲೆಯಿಂದ ಹೆಣ್ಣುಮಕ್ಕಳು ಕೂತರು. ಪರ್ದಾ ಕಾರಣಕ್ಕೆ ಹೊರಗೆ ಕಳಿಸದ ಮನೆಯಲ್ಲೂ ಪುಸ್ತಕ ಒಳಗೆ ಬರುವುದಕ್ಕೆ ಯಾರೂ ಅಡ್ಡಿ ಹೇಳಲಿಲ್ಲ. ಮನೆಗೆ ಬಂದು ಕುರ್‌ಆನ್ ಓದಿಸುವ ಹಿರಿಯ ಹೆಂಗಸರ ಸಂಪ್ರದಾಯ ಮೊದಲೇ ಇದ್ದುದರಿಂದ, ಮನೆಯೊಳಗೆ ಓದುವುದೆಂದರೆ ಈ ಮನೆಗಳಿಗೆ ಪರಕೀಯವೆನಿಸಲೂ ಇಲ್ಲ.

1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅಂಚೆ ಮತ್ತು ತೆರಪಿನ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿತು. ಅದೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ‘ತೆರಪು’ ಎಂಬುದು ಎಷ್ಟು ಚಂದದ ಮಾತು! ಕೆಲಸದ ನಡುವೆ ಸಿಗುವ ಬಿಡುವು ಎಂದರ್ಥ. ಮೈಸೂರಿನ ಮಗ್ಗುಲಲ್ಲೇ ಇರುವ ಈ ತಾಲೂಕುಗಳ ಪ್ರಾಥಮಿಕ ಶಾಲಾ ಶಿಕ್ಷಕರು, ಗುಮಾಸ್ತರು, ಮದುವೆಯಾದ ಹೆಂಗಸರು ಪದವಿ ಪಡೆಯಲು ಇದು ದಾರಿಯಾಯಿತು. ಇಲ್ಲಿ ಒಂದನ್ನು ಗಮನಿಸಬೇಕು. ಪಾಠದ ಕಟ್ಟು ಅಂಚೆಯಲ್ಲಿ ಬಂದರೂ ವಿದ್ಯಾರ್ಥಿಗಳನ್ನು ಕರೆಸಿ ಮುಖಾಮುಖಿ ಪಾಠ ಹೇಳುವ ಸಂಪರ್ಕ ತರಗತಿಗಳನ್ನು ಈ ವ್ಯವಸ್ಥೆ ಬಿಡಲಿಲ್ಲ. ಕಾಗದ ಒಂದೇ ಸಾಲದೆಂಬುದು ಅದನ್ನು ಕಟ್ಟಿದವರಿಗೆ ಗೊತ್ತಿತ್ತು.

ಕಾಗದದ ಜೊತೆಗೆ ದನಿಯೂ ಬಂತು. 1935ರ ಸೆಪ್ಟೆಂಬರ್ 10ರಂದು ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಪ್ರಸಾರ ಆರಂಭಿಸಿದರು. ಆ ‘ಆಕಾಶವಾಣಿ’ಯ ಹೆಸರನ್ನೇ ಮುಂದೆ ದೇಶ ಎತ್ತಿಕೊಂಡಿತು. 2000ದ ದಶಕದಲ್ಲಿ ‘ಕೇಳಿ ಕಲಿ’, ‘ಚುಕ್ಕಿ ಚಿನ್ನ’ ಮೊದಲಾದ ರೇಡಿಯೋ ಪಾಠಗಳು ನಮ್ಮ ಸರಕಾರಿ ಶಾಲೆಗಳಿಗೆ ಬಂದವು. ದೂರದರ್ಶನದ ಕಡೆ ನೋಡಿದರೆ, 1975ರ ಆಗಸ್ಟಿನಿಂದ 1976ರ ಜುಲೈವರೆಗೆ ನಡೆದ ‘ಸೈಟ್’ ಎಂಬ ಉಪಗ್ರಹ ಪ್ರಯೋಗ ಆರು ರಾಜ್ಯಗಳ 2,400 ಹಳ್ಳಿಗಳನ್ನು ಮುಟ್ಟಿತು. ಕರ್ನಾಟಕದಲ್ಲಿ ಅದು ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳಿಗೆ ಸೀಮಿತವಾಗಿತ್ತು. 2004ರ ಸೆಪ್ಟೆಂಬರ್‌ನಲ್ಲಿ ಎಜುಸ್ಯಾಟ್ ಉಪಗ್ರಹ ಹಾರಿದ ಮೇಲೆ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ ಟಿ.ವಿ. ಪಾಠ ನಡೆಯಿತು.

ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಈ ದನಿ, ಈ ಚಿತ್ರ ಬಂದು ಇಳಿದದ್ದು ಶಾಲೆಯ ಕೋಣೆಗೆ ಅಥವಾ ಊರಿನ ಚಾವಡಿಗೆ. ಮಗು ಶಾಲೆಗೆ ಬಂದೇ ಬರುತ್ತದೆ, ಮಗ್ಗುಲಲ್ಲಿ ಮೇಷ್ಟ್ರು ಇದ್ದೇ ಇರುತ್ತಾರೆ ಎಂಬ ನಂಬಿಕೆಯ ಮೇಲೆ ಅವು ನಿಂತಿದ್ದವು. ಹದಿಮೂರು ಹದಿನಾಲ್ಕರ ಹುಡುಗಿಯ ಮನೆಗೆ ಹೈಸ್ಕೂಲು ಪಾಠವನ್ನು ದಿನದಿನವೂ ಮುಟ್ಟಿಸುವ ಏರ್ಪಾಟನ್ನು ಯಾರೂ ಕಟ್ಟಿರಲಿಲ್ಲ. ಸರಕಾರ ಹಿಡಿದದ್ದು ಬೇರೆ ಹಾದಿ, ಮಗುವನ್ನೇ ಶಾಲೆಗೆ ತರುವುದು. 2006-07ರಲ್ಲಿ ಆರಂಭವಾದ ಉಚಿತ ಸೈಕಲ್ ಯೋಜನೆ ಎಂಟನೆಯ ತರಗತಿಯ ಮಕ್ಕಳಿಗೆಂದೇ ಬಂದದ್ದು ಆಕಸ್ಮಿಕವಲ್ಲ. ಊರು ಮುಗಿದು ದಾರಿ ಶುರುವಾಗುವುದು ಆ ತರಗತಿಯಲ್ಲೇ. ಸಮವಸ್ತ್ರ ತೊಟ್ಟ ಹುಡುಗಿಯರು ಸೈಕಲ್ ಮೇಲೆ ನಾಲೆಯ ಏರಿಯುದ್ದಕ್ಕೂ ಸಾಲಾಗಿ ಬರುವ ದೃಶ್ಯವನ್ನು ಈ ತಾಲೂಕುಗಳು ಕಂಡವು. ಅವರಲ್ಲಿ ತಲೆಗೆ ದುಪಟ್ಟಾ ಸುತ್ತಿದವರೂ ಇದ್ದರು. ಬಿಸಿಯೂಟ ಎಂಟರಿಂದ ಹತ್ತನೆಯ ತರಗತಿಗೆ ವಿಸ್ತರಿಸಿದ್ದೂ ಅದೇ ಆಸುಪಾಸಿನಲ್ಲಿ, 2007-08ರಲ್ಲಿ. ಈ ಎರಡು ಯೋಜನೆಗಳು ಮಾಡಿದಷ್ಟನ್ನು ಯಾವ ಉಪಗ್ರಹವೂ ಮಾಡಲಿಲ್ಲವೆಂದು ನಾವು ಧೈರ್ಯವಾಗಿ ಹೇಳುತ್ತೇವೆ.

ಆಮೇಲೆ ಬಂತು 2020. ಮಾರ್ಚ್ 27ಕ್ಕೆ ಶುರುವಾಗಬೇಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದೆ ಹೋಯಿತು. ಮೇ ತಿಂಗಳಲ್ಲಿ ಮುಂಬಯಿಯಿಂದ ಮರಳಿದವರಲ್ಲಿ ಸೋಂಕು ಕಾಣಿಸಿಕೊಂಡು ಕೆ.ಆರ್. ಪೇಟೆ, ನಾಗಮಂಗಲಗಳ ಹೆಸರು ದಿನವೂ ಸುದ್ದಿಯಲ್ಲಿತ್ತು. ದುಡಿಯಲು ಹೋದವರು ಸಂಸಾರ ಸಮೇತ ಬಂದಿಳಿದಿದ್ದರು. ಅವರ ಮಕ್ಕಳ ಹೆಸರು ಮುಂಬಯಿಯ ಶಾಲೆಯ ಹಾಜರಿಯಲ್ಲಿ, ಮಕ್ಕಳು ಮಾತ್ರ ಇಲ್ಲಿ. ಹಾಸ್ಟೆಲ್‌ಗಳೂ ವಸತಿ ಶಾಲೆಗಳೂ ಕ್ವಾರಂಟೈನ್ ಕೇಂದ್ರಗಳಾದವು. ಜೂನ್ 25ರಿಂದ ಹತ್ತನೆಯವರ ಪರೀಕ್ಷೆಯೇನೋ ನಡೆಯಿತು. ಉಳಿದವರ ಕಲಿಕೆ?

ಜುಲೈ 20ರಿಂದ ಚಂದನ ವಾಹಿನಿಯಲ್ಲಿ ‘ಸಂವೇದ’ ಆರಂಭವಾಯಿತು. ಎಂಟು, ಒಂಬತ್ತು, ಹತ್ತನೆಯ ತರಗತಿಗಳಿಗೆ ಅರ್ಧರ್ಧ ಗಂಟೆಯ ಪಾಠಗಳು. ಪಾಠ ಹೇಳಿದ ಶಿಕ್ಷಕರು ಚೆನ್ನಾಗಿಯೇ ಹೇಳಿದರು. ಆದರೆ ಟಿ.ವಿ.ಗೆ ಕಿವಿಯಿಲ್ಲ. ಅರ್ಥವಾಗಲಿಲ್ಲ ಸಾರ್ ಎಂದು ಅದಕ್ಕೆ ಹೇಳಲಾಗದು. ಕರೆಂಟು ಹೋದರೆ ಆ ದಿನದ ಬೀಜಗಣಿತವೂ ಹೋಯಿತು. ಉರ್ದು ಮಾಧ್ಯಮದಲ್ಲಿ ಓದುವ ಮಗುವಿಗೆ ಕನ್ನಡದ ವಿಜ್ಞಾನ ಪಾಠದ ಪಾರಿಭಾಷಿಕ ಪದಗಳು ಇನ್ನೊಂದು ಗೋಡೆ. ಟಿ.ವಿ.ಯ ಜೊತೆಗೆ ವಾಟ್ಸಾಪ್ ಗುಂಪುಗಳು ಬಂದವು. ಬೆಳಿಗ್ಗೆ ಮೇಷ್ಟ್ರು ಪಾಠದ ಚಿತ್ರ ಕಳಿಸುವುದು, ಮಗು ಬರೆದು ನೋಟ್‌ಬುಕ್ಕಿನ ಫೋಟೋ ಹಾಕುವುದು, ಮೂರು ನಾಲ್ಕು ತರಗತಿಗಳಿಗೆ ಗಣಿತ ಹೇಳುವ ಮೇಷ್ಟ್ರು ಆ ಫೋಟೋಗಳನ್ನು ಅಂಗೈಯಗಲದ ಪರದೆಯಲ್ಲಿ ಹಿಗ್ಗಿಸಿ ಹಿಗ್ಗಿಸಿ ತಿದ್ದುವುದು.

ಫೋನು ಯಾರದು ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ. ‘ಅಸರ್’ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದಲ್ಲಿ ಶಾಲಾ ಮಕ್ಕಳಿರುವ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇದ್ದವು 2018ರಲ್ಲಿ ಶೇ. 36.5. 2020ರಲ್ಲಿ ಅದು ಶೇ. 61.8ಕ್ಕೆ ಏರಿತು. ಸಾಲ ಮಾಡಿ ಕೊಂಡ ಫೋನುಗಳು ಅದರಲ್ಲಿ ಎಷ್ಟಿದ್ದವೋ! ಆದರೆ ಮನೆಯಲ್ಲಿ ಫೋನಿದೆ ಎಂದ ಮಾತ್ರಕ್ಕೆ ಅದು ಮಗುವಿನ ಕೈಯಲ್ಲಿದೆ ಎಂದಲ್ಲ. ಅಪ್ಪ ಗ್ಯಾರೇಜಿಗೋ ಆಲೆಮನೆಗೋ ಹೋಗುವಾಗ ಅದೂ ಅವನ ಜೇಬಿನಲ್ಲಿ ಹೋಗುತ್ತದೆ. ರಾತ್ರಿ ಬಂದ ಮೇಲೆ ಅಣ್ಣನ ಸರದಿ, ಆಮೇಲೆ ತಂಗಿಯದು. 2020ರ ಏಪ್ರಿಲ್‌ನಲ್ಲಿ ಸೋಂಕನ್ನು ಒಂದು ಸಮುದಾಯದ ತಲೆಗೆ ಕಟ್ಟುವ ವದಂತಿಗಳು ಹಬ್ಬಿ, ತಳ್ಳುಗಾಡಿಯಲ್ಲಿ ಹಣ್ಣು ತರಕಾರಿ ಮಾರುವವರನ್ನು ಊರೊಳಗೆ ಬಿಡದ ಘಟನೆಗಳು ರಾಜ್ಯದಲ್ಲಿ ನಡೆದವು. ಸಂಪಾದನೆ ನಿಂತ ಅಂಥ ಮನೆಯಲ್ಲಿ ಮೊದಲು ನಿಲ್ಲುವುದು ಫೋನಿನ ರೀಚಾರ್ಜು.

ಇದನ್ನು ಕಂಡೇ ಆ ವರ್ಷದ ಆಗಸ್ಟ್‌ನಲ್ಲಿ ಸರಕಾರ ‘ವಿದ್ಯಾಗಮ’ವನ್ನು ತಂದಿತು. ಕೆಲವೆಡೆ ಶಿಕ್ಷಕರು ತಾವಾಗಿಯೇ ವಠಾರ ಶಾಲೆಗಳನ್ನು ಶುರುಮಾಡಿದ್ದರು. ಫೋನೇ ಇಲ್ಲದವರು, ಇಂಟರ್ನೆಟ್ ಇಲ್ಲದ ಸಾದಾ ಫೋನಿನವರು, ಸ್ಮಾರ್ಟ್‌ಫೋನ್ ಉಳ್ಳವರು ಎಂದು ಮಕ್ಕಳನ್ನು ಮೂರು ಗುಂಪು ಮಾಡಿ, ಇಪ್ಪತ್ತು ಇಪ್ಪತ್ತೈದು ಮಕ್ಕಳಿಗೆ ಒಬ್ಬ ಶಿಕ್ಷಕರನ್ನು ಗೊತ್ತುಮಾಡಲಾಯಿತು. ದೇವಸ್ಥಾನದ ಅಂಗಳ, ಸಮುದಾಯ ಭವನ, ಅರಳಿಕಟ್ಟೆ, ಮನೆಯ ಜಗುಲಿ ತರಗತಿಗಳಾದವು. ಕೂಲಿಮಠದ ಅಯ್ಯನವರು ಮಕ್ಕಳನ್ನು ಕೂರಿಸಿ ಮರಳ ಮೇಲೆ ಅಕ್ಷರ ತಿದ್ದಿಸುತ್ತಿದ್ದ ಜಗುಲಿಗೆ ನೂರು ವರ್ಷದ ನಂತರ ಹೈಸ್ಕೂಲೇ ಬಂದು ಕೂತಿತು. ಪ್ರಾಥಮಿಕ ಶಾಲೆಯ ಮೇಷ್ಟ್ರಿಗೆ ಇದು ಒಂದೇ ಊರಿನ ಕೆಲಸ. ಹೈಸ್ಕೂಲಿನವರಿಗೆ ಹಾಗಲ್ಲ. ಮಕ್ಕಳು ಹಲವು ಹಳ್ಳಿಗಳಲ್ಲಿ ಚದುರಿದ್ದಾರೆ. ಅಲ್ಲದೆ ಗಣಿತದ ಮೇಷ್ಟ್ರು ತಮ್ಮ ಪಾಲಿನ ಮಕ್ಕಳ ಸಮಾಜ ವಿಜ್ಞಾನವನ್ನೂ ಕನ್ನಡವನ್ನೂ ನೋಡಿಕೊಳ್ಳಬೇಕಾಯಿತು. ಶಾಸ್ತ್ರೀಯವಾಗಿ ಅದು ಅರೆಬರೆ ಪಾಠವೇ. ಆದರೂ ಹಿಂದಿನ ವಾರ ಬಂದಿದ್ದ ಹುಡುಗಿ ಈ ವಾರ ಏಕೆ ಬಂದಿಲ್ಲ ಎಂದು ಬಾಗಿಲಿಗೆ ಹೋಗಿ ಕೇಳುವ ಒಬ್ಬ ಮನುಷ್ಯ ಆ ವ್ಯವಸ್ಥೆಯಲ್ಲಿದ್ದ. ಲಾಕ್‌ಡೌನ್ ಕಾಲದಲ್ಲಿ ಬಾಲ್ಯವಿವಾಹದ ಸುದ್ದಿಗಳು ಮೈಸೂರು, ಮಂಡ್ಯ ಭಾಗದಿಂದಲೂ ಬರುತ್ತಿದ್ದಾಗ ಈ ಪ್ರಶ್ನೆಗೆ ಪಾಠಕ್ಕಿಂತ ಹೆಚ್ಚಿನ ಬೆಲೆಯಿತ್ತು.

ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗಲಿದ ವರದಿಗಳು ಬಂದು, ಶಿಕ್ಷಕರ ಸಾವುಗಳೂ ಸಂಭವಿಸಿ, ಅಕ್ಟೋಬರ್‌ನಲ್ಲಿ ವಿದ್ಯಾಗಮ ನಿಂತಿತು. 2021ರ ಜನವರಿಯಲ್ಲಿ ಹತ್ತನೆಯ ತರಗತಿಯ ಬಾಗಿಲು ತೆರೆಯಿತು. ಏಪ್ರಿಲ್‌ನ ಎರಡನೆಯ ಅಲೆಗೆ ಮತ್ತೆ ಮುಚ್ಚಿತು. ಆ ಜುಲೈನ ಎಸ್ಸೆಸ್ಸೆಲ್ಸಿ ಎರಡೇ ದಿನದ, ಸರಿಯುತ್ತರಕ್ಕೆ ಗುರುತು ಹಾಕುವ ಪರೀಕ್ಷೆಯಾಯಿತು. ಹೆಚ್ಚುಕಡಿಮೆ ಎಲ್ಲರೂ ಪಾಸಾದರು. ಒಂಬತ್ತು, ಹತ್ತರ ಮಕ್ಕಳು ಶಾಲೆಗೆ ಮರಳಿದ್ದು ಆಗಸ್ಟ್ 23ಕ್ಕೆ. ಅಷ್ಟರಲ್ಲಿ ಸೈಕಲ್ ಯೋಜನೆಯೂ ನಿಂತುಹೋಗಿತ್ತು.

ಇದಾದ ಆರೇ ತಿಂಗಳಿಗೆ ಮನೆಯ ಪಾಠ ಇನ್ನೊಂದು ಮುಖ ತೋರಿಸಿತು. ಹಿಜಾಬ್ ವಿವಾದ ಉಡುಪಿಯಲ್ಲಿ ಶುರುವಾದಾಗ, ಬೇಕಿದ್ದರೆ ಆ ವಿದ್ಯಾರ್ಥಿನಿಯರು ಆನ್‌ಲೈನ್‌ನಲ್ಲಿ ಪಾಠ ಕೇಳಲಿ ಎಂಬ ಮಾತು ಬಂತು. 2022ರ ಫೆಬ್ರವರಿ 5ರ ಸರಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪುಗಳ ನಂತರ ಎಷ್ಟೋ ಮನೆಗಳಲ್ಲಿ ದೂರ ಶಿಕ್ಷಣದ ಅರ್ಜಿಯ ಮಾತು ಶುರುವಾಯಿತು. ಅದೀಬ್ ಪರೀಕ್ಷೆಗೆ ಕೂತ ಅಜ್ಜಿಗೆ ಮನೆಯ ಪಾಠ ಹೊರಗಿನ ಲೋಕಕ್ಕೆ ತೆರೆದ ಕಿಟಕಿಯಾಗಿತ್ತು. ಮೊಮ್ಮಗಳಿಗೆ ಅದೇ ಪಾಠವನ್ನು, ನಿನಗೆ ಬಾಗಿಲಿಲ್ಲ, ಕಿಟಕಿ ಸಾಕು ಎಂದು ತೋರಿಸಲಾಯಿತು. ಹೀಗೆ ಹೇಳಿದವರು ಹೊರಗಿನವರು ಮಾತ್ರವಲ್ಲ ಎಂಬುದನ್ನೂ ಒಪ್ಪಬೇಕು. ಹೇಗೂ ಮನೆಯಲ್ಲೇ ಓದಬಹುದಲ್ಲ, ಅಷ್ಟು ದೂರ ಯಾಕೆ ಕಳಿಸುವುದು ಎಂದು ನಮ್ಮ ಮನೆಗಳ ಹಿರಿಯರೂ ಹೇಳಿದರು, ಸ್ವಲ್ಪ ನಿರಾಳವಾಗಿಯೇ ಹೇಳಿದರು. ಎರಡು ವರ್ಷ ಫೋನಿನಲ್ಲಿ ಪಾಠ ನಡೆದದ್ದು ಅವರ ಬಾಯಿಗೆ ಒಂದು ವಾದವನ್ನು ಕೊಟ್ಟಿತ್ತು.

2020ರಲ್ಲಿ ಎಂಟನೆಯ ತರಗತಿಗೆ ಸೇರಿ, ಹೈಸ್ಕೂಲಿನ ಮೊದಲ ವರ್ಷವನ್ನು ಬಹುಪಾಲು ಜಗುಲಿಯಲ್ಲೂ ಫೋನಿನಲ್ಲೂ ಕಳೆದ ಮಕ್ಕಳು 2023ರ ಮಾರ್ಚ್-ಏಪ್ರಿಲ್‌ನಲ್ಲಿ ಎಸ್ಸೆಸ್ಸೆಲ್ಸಿ ಬರೆದರು. ಮೇ 8ರಂದು ಫಲಿತಾಂಶ ಬಂದಾಗ ಮಂಡ್ಯ ಜಿಲ್ಲೆ ಶೇ. 96.74ರೊಂದಿಗೆ ರಾಜ್ಯಕ್ಕೆ ಎರಡನೆಯ ಸ್ಥಾನದಲ್ಲಿತ್ತು. ಇದು ಮಕ್ಕಳ ಮತ್ತು ಶಿಕ್ಷಕರ ಶ್ರಮದ ಫಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಶೇಕಡವಾರನ್ನು ಲೆಕ್ಕ ಹಾಕಿದ್ದು ಪರೀಕ್ಷೆಗೆ ಕೂತವರ ಸಂಖ್ಯೆಯ ಮೇಲೆ. 2020ರ ಎಂಟನೆಯ ತರಗತಿಯ ಹಾಜರಿ ಪುಸ್ತಕವನ್ನೂ 2023ರ ಪ್ರವೇಶ ಪತ್ರಗಳ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು, ಇಲ್ಲಿದ್ದು ಅಲ್ಲಿಲ್ಲದ ಹೆಸರುಗಳನ್ನು ಗುರುತು ಹಾಕುವ ಕೆಲಸವನ್ನು ಈ ನಾಲ್ಕು ತಾಲೂಕುಗಳ ಯಾವ ಹೈಸ್ಕೂಲಿನಲ್ಲಿ ಬೇಕಾದರೂ ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಬಹುದು. ಎರಡೂ ಪುಸ್ತಕಗಳು ಮುಖ್ಯೋಪಾಧ್ಯಾಯರ ಕೋಣೆಯ ಬೀರುವಿನಲ್ಲೇ ಇರುತ್ತವೆ.