ಹಮೀದಾ ಬಾನು: ಕಲ್ಯಾಣದಲ್ಲಿ ಮರೆಯಾದ ಜಗಜಟ್ಟಿ

ಮುಂಬಯಿ ಸೀಮೆಯಲ್ಲಿ ಬದುಕು ಕಟ್ಟಿಕೊಂಡ ಕನ್ನಡಿಗರಿಗೆ ಕಲ್ಯಾಣ ದೂರದ ಊರಲ್ಲ. ನಮ್ಮಲ್ಲಿ ಕೆಲವರ ಮನೆ ಅಲ್ಲಿದೆ. ಊರಿಗೆ ಹೋಗುವ ರೈಲನ್ನು ಅಲ್ಲಿಯೇ ಹತ್ತಿದವರು ಅನೇಕರು. ಅದೇ ಕಲ್ಯಾಣದಲ್ಲಿ ಹಾಲು ಮಾರಿ, ಕೈ ಬರಿದಾದ ದಿನಗಳಲ್ಲಿ ರಸ್ತೆಯ ಬದಿಗೆ ಕುಳಿತು ಮನೆಯಲ್ಲಿ ಮಾಡಿದ ತಿಂಡಿ ಮಾರಿ ಬಾಳಿದ ಹೆಂಗಸೊಬ್ಬರು 1986ರಲ್ಲಿ ಕಣ್ಮುಚ್ಚಿದರು. ಅವರ ಹೆಸರು ಹಮೀದಾ ಬಾನು. ಮೂವತ್ತು ವರ್ಷಗಳ ಹಿಂದೆ ಪತ್ರಿಕೆಗಳು ಅವರನ್ನು ‘ಅಲೀಗಢದ ಅಮೆಜಾನ್’ ಎಂದು ಕೊಂಡಾಡಿದ್ದವು. 2024ರ ಮೇ 4ರಂದು ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರವನ್ನು ತೋರಿಸಿದಾಗ, ಇವರು ಯಾರೆಂದು ನಾವು ಒಬ್ಬರನ್ನೊಬ್ಬರು ಕೇಳಿಕೊಳ್ಳಬೇಕಾಯಿತು. ಆ ನಾಚಿಕೆಯಿಂದಲೇ ಈ ಬರಹ ಹುಟ್ಟಿದೆ.

ಹಮೀದಾ ಹುಟ್ಟಿದ್ದು ಉತ್ತರ ಪ್ರದೇಶದ ಮಿರ್ಜಾಪುರದಲ್ಲಿ. ಕುಸ್ತಿಯ ಹಂಬಲ ಅವರನ್ನು ಅಲೀಗಢಕ್ಕೆ ಕರೆದೊಯ್ದಿತು. ಅಲ್ಲಿ ಸಲಾಂ ಪೈಲ್ವಾನ್ ಎಂಬ ಉಸ್ತಾದರ ಕೈಕೆಳಗೆ ಅವರು ಪಟ್ಟುಗಳನ್ನು ಕಲಿತರು. ಗರಡಿಮನೆ ಎಂದರೇನೆಂದು ಬಲ್ಲ ನಮ್ಮ ಓದುಗರಿಗೆ ಇದು ಎಂತಹ ಹೆಜ್ಜೆಯೆಂದು ವಿವರಿಸಬೇಕಿಲ್ಲ. ಮೈಸೂರಿನ ಗರಡಿಯಾಗಲಿ, ಬೆಳಗಾವಿಯ ತಾಲೀಮಾಗಲಿ, ಹನುಮಂತನ ಸನ್ನಿಧಿಯಲ್ಲಿ ಬ್ರಹ್ಮಚರ್ಯದ ನೇಮದೊಂದಿಗೆ ನಡೆಯುವ ಸಾಧನೆಯೆಂದೇ ಕುಸ್ತಿಯನ್ನು ಅಲ್ಲೆಲ್ಲ ಭಾವಿಸುತ್ತ ಬಂದರು. ಆ ಮಟ್ಟಿಯ ಮೇಲೆ ಹೆಣ್ಣು ಕಾಲಿಡುವುದು ನಿಷಿದ್ಧವೆಂದೇ ನಡೆಯಿತು. ಉತ್ತರದ ಅಖಾಡಗಳ ರೂಢಿಯೂ ಬೇರೆಯಾಗಿರಲಿಲ್ಲ. ಸೆಣಸಲು ಹೆಣ್ಣು ಜೋಡಿಯೇ ಸಿಗದ ಕಾಲದಲ್ಲಿ ಹಮೀದಾ ಗಂಡಸರನ್ನೇ ಕಣಕ್ಕೆ ಕರೆದರು.

1954ರ ಫೆಬ್ರುವರಿಯಲ್ಲಿ ಅವರು ಹಾಕಿದ ಸವಾಲು ದೇಶವೆಲ್ಲ ಸುದ್ದಿಯಾಯಿತು: ಕುಸ್ತಿಯಲ್ಲಿ ತಮ್ಮನ್ನು ಸೋಲಿಸಿದವರನ್ನು ತಾವು ಮದುವೆಯಾಗುವುದಾಗಿ ಸಾರಿದರು. ಪಟಿಯಾಲದ ಜಟ್ಟಿ ಸೋತರು. ಕಲ್ಕತ್ತೆಯ ಜಟ್ಟಿಯೂ ಸೋತರು. ಮೇ ತಿಂಗಳಲ್ಲಿ ಹಮೀದಾ ಬರೋಡೆಗೆ ಬಂದರು. ಅಲ್ಲಿ ಎದುರಾಳಿಯಾಗಬೇಕಿದ್ದವರು ಮಹಾರಾಜರ ಆಶ್ರಯದಲ್ಲಿದ್ದ ಛೋಟೆ ಗಾಮಾ ಪೈಲ್ವಾನ್. ಹೆಣ್ಣಿನೊಡನೆ ಸೆಣಸುವುದಿಲ್ಲವೆಂದು ಅವರು ಕಡೆಯ ಗಳಿಗೆಯಲ್ಲಿ ಹಿಂದೆ ಸರಿದರು. ಅವರ ಬದಲು ಬಂದವರು ಬಾಬಾ ಪೈಲ್ವಾನ್. ಕುಸ್ತಿ ನಡೆದದ್ದು 1 ನಿಮಿಷ 34 ಸೆಕೆಂಡು ಮಾತ್ರ. ಅಷ್ಟರಲ್ಲಿ ಬಾಬಾ ಸೋತಿದ್ದರು. ಗೂಗಲ್ ನೆನೆದದ್ದು ಈ ಪಂದ್ಯವನ್ನೇ.

ಮದುವೆಯ ಪಣ ನಮಗೆ ಹೊಸದೇನಲ್ಲ. ಲಕ್ಷ್ಮೀಶನ ಜೈಮಿನಿ ಭಾರತವನ್ನು ಓದಿದವರಿಗೆ, ಯಕ್ಷಗಾನದ ರಂಗಸ್ಥಳದಲ್ಲಿ ಪ್ರಮೀಳೆಯನ್ನು ಕಂಡವರಿಗೆ, ಗಂಡನ್ನು ಕಣಕ್ಕೆ ಕರೆಯುವ ಹೆಣ್ಣು ಪರಿಚಿತಳೇ. ಆದರೆ ಪ್ರಮೀಳೆಯ ಶೌರ್ಯ ಅರ್ಜುನನ ಕೈಹಿಡಿಯುವಲ್ಲಿಗೆ ಮುಗಿಯುತ್ತದೆ. ಹೆಣ್ಣಿನ ಬಲವನ್ನು ಸಹಿಸಬೇಕಾದರೆ ಕಥೆ ಕಲ್ಯಾಣದಲ್ಲಿ ಮುಗಿಯಬೇಕೆಂಬುದು ಹಳೆಯ ಒಪ್ಪಂದ. ಹಮೀದಾ ಆ ಒಪ್ಪಂದವನ್ನೇ ತಮ್ಮ ಜಾಹೀರಾತಾಗಿ ಮಾಡಿಕೊಂಡರು ಎಂದು ನಮಗೆ ತೋರುತ್ತದೆ. ಮದುವೆಯ ಮಾತಿಲ್ಲದೆ ಕೇವಲ ಕುಸ್ತಿಗೆ ಕರೆದಿದ್ದರೆ ಎಷ್ಟು ಜನ ಟಿಕೆಟ್ ಕೊಳ್ಳುತ್ತಿದ್ದರೋ! ಆದರೆ ಈ ಅರ್ಜುನರು ಒಬ್ಬರಾದ ಮೇಲೊಬ್ಬರು ಬೆನ್ನು ಮಣ್ಣು ಮಾಡಿಕೊಂಡರು. ಬಯಸಿದ ಮುಕ್ತಾಯ ಸಿಗದ ಪ್ರೇಕ್ಷಕರು ಸಿಟ್ಟಿಗೆದ್ದರು.

ಆ ಸಿಟ್ಟಿನ ದಾಖಲೆಗಳಿವೆ. 1944ರಲ್ಲಿ ಮುಂಬಯಿಯಲ್ಲಿ ಹಮೀದಾ ಮತ್ತು ಗೂಂಗಾ ಪೈಲ್ವಾನರ ಕುಸ್ತಿ ನೋಡಲು 20,000 ಜನ ನೆರೆದಿದ್ದರೆಂದು ಪತ್ರಿಕೆ ವರದಿ ಮಾಡಿತು. ಎದುರಾಳಿಯ ಬೇಡಿಕೆಗಳಿಂದಾಗಿ ಪಂದ್ಯ ನಿಂತುಹೋದಾಗ ಜನ ಕ್ರೀಡಾಂಗಣದಲ್ಲಿ ದಾಂಧಲೆ ನಡೆಸಿದರು. ಪುಣೆಯಲ್ಲಿ ರಾಮಚಂದ್ರ ಸಾಳುಂಖೆಯವರೊಂದಿಗೆ ಗೊತ್ತಾಗಿದ್ದ ಪಂದ್ಯ ಅಲ್ಲಿನ ಕುಸ್ತಿ ಸಂಘದ ವಿರೋಧದಿಂದ ರದ್ದಾಯಿತು. ಇನ್ನೊಮ್ಮೆ ಗಂಡು ಜಟ್ಟಿಯನ್ನು ಸೋಲಿಸಿದ ತಪ್ಪಿಗೆ ಅವರ ಮೇಲೆ ಕಲ್ಲು ತೂರಲಾಯಿತು. ಪೊಲೀಸರು ನಡುವೆ ಬರಬೇಕಾಯಿತು.

ಹಮೀದಾ ಸುಮ್ಮನಿರಲಿಲ್ಲ. ಮುಂಬಯಿ ರಾಜ್ಯದ ಮುಖ್ಯಮಂತ್ರಿ ಮೊರಾರ್ಜಿ ದೇಸಾಯಿಯವರಿಗೆ ದೂರು ಬರೆದರು. ಅಂದು ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡಗಳೂ ಅದೇ ರಾಜ್ಯದಲ್ಲಿದ್ದವು. ಆ ಮುಖ್ಯಮಂತ್ರಿ ಅಲ್ಲಿನ ನಮ್ಮ ಹಿರಿಯರಿಗೂ ಮುಖ್ಯಮಂತ್ರಿಗಳೇ. ಹೆಣ್ಣೆಂಬ ಕಾರಣಕ್ಕೆ ತಡೆಯಲಿಲ್ಲ, ಹಮೀದಾ ಎದುರು ಸಂಘಟಕರು ಡಮ್ಮಿ ಜಟ್ಟಿಗಳನ್ನು ನಿಲ್ಲಿಸುತ್ತಿದ್ದಾರೆಂಬ ದೂರುಗಳಿಂದಾಗಿ ತಡೆಯಲಾಯಿತು ಎಂಬರ್ಥದ ಉತ್ತರ ಬಂತು.

ಈ ಆರೋಪವನ್ನು ಮುಚ್ಚಿಟ್ಟು ಹಮೀದಾರನ್ನು ಹೊಗಳುವುದು ಪ್ರಾಮಾಣಿಕ ಚರಿತ್ರೆಯಾಗದು. ಟಿಕೆಟ್ಟಿನ ಕುಸ್ತಿಯಲ್ಲಿ ಕಸುವಿನಷ್ಟೇ ನಾಟಕವೂ ಇರುತ್ತದೆ. ಕಿಂಗ್ ಕಾಂಗ್, ದಾರಾ ಸಿಂಗರ ಕಾಲದ ಕಾಳಗಗಳನ್ನು ನೋಡಿ ಬೆಳೆದವರಿಗೆ ಇದು ಗೊತ್ತು. ಹಮೀದಾ ಎದುರು ನಿಂತವರಲ್ಲಿ ಕೆಲವರು ಹಣ ಪಡೆದು ಸೋತಿದ್ದರೂ ಇರಬಹುದು. ಆದರೆ ಗಂಡು ಜಟ್ಟಿಯ ಮೇಲೆ ಗುಮಾನಿ ಬಂದರೆ ಅದು ಒಂದು ಪಂದ್ಯದ ಮಾತು; ಹೆಣ್ಣಿನ ಮೇಲೆ ಬಂದರೆ ಅವಳ ಇಡೀ ಬಾಳೇ ಮೋಸವೆಂಬ ತೀರ್ಪು. ನಿಜವನ್ನು ಬಯಲು ಮಾಡಲು ನೇರವಾದ ದಾರಿಯಿತ್ತು: ಹೆಸರಾಂತ ಜಟ್ಟಿಗಳು ಅವರೊಡನೆ ಸೆಣಸಬಹುದಿತ್ತು. ಬರೋಡೆಯಲ್ಲಿ ಛೋಟೆ ಗಾಮಾ ಆ ಅವಕಾಶವನ್ನು ಕೈಬಿಟ್ಟರು. ಸಮರ್ಥರು ಎದುರಿಗೆ ಬರಲಿಲ್ಲ, ಬಂದವರು ಅಸಮರ್ಥರೆಂದು ಲೋಕ ನಕ್ಕಿತು. ಈ ಪಟ್ಟಿನಿಂದ ಬಿಡಿಸಿಕೊಳ್ಳುವ ವರಸೆಯನ್ನು ಯಾವ ಉಸ್ತಾದರು ತಾನೇ ಕಲಿಸಬಲ್ಲರು?

ಪತ್ರಿಕೆಗಳಿಗೆ ಅವರ ಊಟದ ಮೇಲಿದ್ದ ಆಸಕ್ತಿ ಅವರ ಪಟ್ಟುಗಳ ಮೇಲಿರಲಿಲ್ಲ. ತೂಕ 108 ಕಿಲೋ, ಎತ್ತರ 5 ಅಡಿ 3 ಅಂಗುಲ. ದಿನಕ್ಕೆ ಐದೂವರೆ ಲೀಟರಿಗೂ ಮಿಕ್ಕ ಹಾಲು, ಒಂದು ಕೋಳಿ, ಸುಮಾರು ಒಂದು ಕಿಲೋ ಕುರಿಮಾಂಸ, ಅರ್ಧ ಕಿಲೋ ಬೆಣ್ಣೆ, ಬಾದಾಮಿ, ಆರು ಮೊಟ್ಟೆ, ಎರಡು ತಟ್ಟೆ ಬಿರಿಯಾನಿ. ಒಂಬತ್ತು ಗಂಟೆ ನಿದ್ದೆ, ಆರು ಗಂಟೆ ಸಾಮು. ಎಲ್ಲವನ್ನೂ ಎಣಿಸಿ ಬರೆದರು. ಯಾವ ಪಟ್ಟು ಹಾಕಿ ಕೆಡವಿದರು, ಆ ಗಳಿಗೆಯಲ್ಲಿ ಏನನ್ನು ಯೋಚಿಸಿದರು ಎಂದು ಕೇಳುವ ವ್ಯವಧಾನ ಯಾರಿಗಿತ್ತು?

1954ರಲ್ಲಿಯೇ ಮುಂಬಯಿಯಲ್ಲಿ ರಷ್ಯದ ‘ಹೆಣ್ಣು ಕರಡಿ’ ಎಂದು ಹೆಸರಾಗಿದ್ದ ವೆರಾ ಚಿಸ್ಟಿಲಿನ್ ಅವರನ್ನು ಹಮೀದಾ ಒಂದು ನಿಮಿಷದೊಳಗೆ ಸೋಲಿಸಿದರೆಂದು ವರದಿಯಾಯಿತು. ಯುರೋಪಿಗೆ ಹೋಗಿ ಅಲ್ಲಿನ ಜಟ್ಟಿಗಳನ್ನು ಎದುರಿಸುವುದಾಗಿ ಅವರು ಘೋಷಿಸಿದ್ದೂ ಆಗಲೇ. ಅಲ್ಲಿಂದಾಚೆಗೆ ಅವರು ಕುಸ್ತಿಯ ಸುದ್ದಿಯಿಂದ ಮರೆಯಾಗುತ್ತಾರೆ. ಯುರೋಪಿಗೆ ಹೋಗದಂತೆ ತಡೆಯಲು ಸಲಾಂ ಪೈಲ್ವಾನರು ಹೊಡೆದು ಕೈಕಾಲು ಮುರಿದರು, ಮುಂದೆ ಹಲವು ವರ್ಷ ಹಮೀದಾ ಕೋಲೂರಿ ನಡೆದರು ಎಂದು ಅವರನ್ನು ಬಲ್ಲವರು ಪತ್ರಕರ್ತರಿಗೆ ಹೇಳಿದ್ದಾರೆ. ಸಲಾಂ ಜೊತೆಗಿನ ಸಂಬಂಧ ಎಂತಹದು ಎಂಬುದರಲ್ಲಿ ಮನೆಯವರ ಮಾತುಗಳು ಪರಸ್ಪರ ಹೊಂದುವುದಿಲ್ಲ. ಸಲಾಂ ಅಲೀಗಢಕ್ಕೆ ಮರಳಿದರು. ಹಮೀದಾ ಕಲ್ಯಾಣದಲ್ಲಿ ಉಳಿದರು. ಸಾವಿರಾರು ಜನರೆದುರು ಸೋಲದವರಿಗೆ ಮನೆಯ ಒಳಗೇ ಸೋಲು ಕಾದಿತ್ತು ಎಂಬುದು ನಿಜವಾದರೆ, ಅದಕ್ಕಿಂತ ಕ್ರೂರವಾದ ವ್ಯಂಗ್ಯ ಬೇರೊಂದಿಲ್ಲ.

ಅವರು ತೀರಿಕೊಂಡ ಮರುವರ್ಷ, 1987ರಲ್ಲಿ, ನಾರ್ವೆಯಲ್ಲಿ ಮಹಿಳೆಯರ ಮೊದಲ ವಿಶ್ವ ಕುಸ್ತಿ ಚಾಂಪಿಯನ್‌ಷಿಪ್ ನಡೆಯಿತು. 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಮಹಿಳಾ ಕುಸ್ತಿಗೆ ಸ್ಥಾನ ಸಿಕ್ಕಿತು. 2016ರಲ್ಲಿ ರಿಯೋದಲ್ಲಿ ಸಾಕ್ಷಿ ಮಲಿಕ್ ಕಂಚು ಗೆದ್ದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಸಾಕ್ಷಿಗೆ ಸೆಣಸಲು ಹೆಣ್ಣು ಜೋಡಿಗಳಿದ್ದರು, ತೂಕದ ವರ್ಗಗಳಿದ್ದವು, ನಿಯಮಗಳಿದ್ದವು, ತೀರ್ಪುಗಾರರಿದ್ದರು. ಗೆಲುವನ್ನು ಗೆಲುವೆಂದು ಬರೆದಿಡುವ ಇಂತಹ ವ್ಯವಸ್ಥೆ ಹಮೀದಾರಿಗೆ ಒಂದು ದಿನವೂ ಸಿಗಲಿಲ್ಲ.

ಹೊರನಾಡಿನಲ್ಲಿ ನೆಲೆಸಿದ ನಾವು ನಮ್ಮ ಊರಿನ ಚರಿತ್ರೆಯನ್ನು ಆಸ್ಥೆಯಿಂದ ಹುಡುಕುತ್ತೇವೆ. ಅನ್ನ ಕೊಟ್ಟ ಊರಿನ ಚರಿತ್ರೆಯೂ ನಮ್ಮದೇ. ಹಮೀದಾ ಮಿರ್ಜಾಪುರದಿಂದ ಬಂದು ಕಲ್ಯಾಣದಲ್ಲಿ ಬೆರೆತುಹೋದವರು. ಆ ಲೆಕ್ಕದಲ್ಲಿ ನಮ್ಮಂತೆಯೇ ವಲಸೆಗಾರರು. ರಸ್ತೆಯ ಬದಿಯಲ್ಲಿ ಅವರಿಂದ ತಿಂಡಿ ಕೊಂಡವರಲ್ಲಿ ನಮ್ಮ ಹಿರಿಯರೂ ಇದ್ದಿರಬಹುದು. ಚಿಲ್ಲರೆ ಎಣಿಸಿ ಕೊಟ್ಟ ಆ ಕೈ ಯಾರದೆಂದು ಅವರಿಗೆ ತಿಳಿದಿರಲಿಲ್ಲ. ನಮಗೆ ಈಗ ತಿಳಿದಿದೆ.