ಕೃಷಿ ಶೆಡ್‌ಗಳ ಉಕ್ಕಿನ ಚೌಕಟ್ಟು: ಜೋಡಣೆಗಳ ವಿನ್ಯಾಸ

ದನದ ಕೊಟ್ಟಿಗೆ, ಕೋಳಿಮನೆ, ಅಡಿಕೆ ಶೆಡ್ ಹಾಗೂ ಧಾನ್ಯದ ಗೋದಾಮುಗಳನ್ನು ಉಕ್ಕಿನ ಕಂಬ ಮತ್ತು ತಗಡಿನ ಚಾವಣಿಯಿಂದ ನಿರ್ಮಿಸುವುದು ಈಗ ಸಾಮಾನ್ಯವಾಗಿದೆ. ಕಂಬದ ದಪ್ಪ ಮತ್ತು ತಗಡಿನ ಗುಣಮಟ್ಟವನ್ನು ವಿಚಾರಿಸಿ ಖರೀದಿಸುವ ರೈತರು, ಅವುಗಳನ್ನು ಸೇರಿಸುವ ಜೋಡಣೆಯನ್ನು ಮಾತ್ರ ಕೆಲಸಗಾರರ ಅಂದಾಜಿಗೆ ಬಿಡುವುದುಂಟು. ಚೌಕಟ್ಟಿನ ಬಲವು ಅದರ ಅತ್ಯಂತ ದುರ್ಬಲ ಜೋಡಣೆಯ ಬಲವನ್ನು ಮೀರಲಾರದು. ಆದ್ದರಿಂದ ಜೋಡಣೆಯನ್ನೂ ಲೆಕ್ಕ ಹಾಕಿಯೇ ನಿರ್ಧರಿಸಬೇಕು.

ಗಾಳಿಯ ಎತ್ತುಬಲ

ತಗಡಿನ ಚಾವಣಿ ಹಗುರ. ಪರ್ಲಿನ್ ಸೇರಿ ಚದರ ಮೀಟರಿಗೆ ಸುಮಾರು 15 ಕೆ.ಜಿ. ಎಂದು ಭಾವಿಸಬಹುದು. ಭಾರತೀಯ ಮಾನಕ ಐಎಸ್ 875ರ 3ನೇ ಭಾಗದ ಪ್ರಕಾರ ಮೂಲ ಗಾಳಿವೇಗ ಬೆಂಗಳೂರಿನಲ್ಲಿ ಸೆಕೆಂಡಿಗೆ 33 ಮೀಟರ್, ಮಂಗಳೂರಿನಲ್ಲಿ 39 ಮೀಟರ್. ಈ ವೇಗಗಳಲ್ಲಿ ಗಾಳಿಯ ಒತ್ತಡ ಚದರ ಮೀಟರಿಗೆ ಕ್ರಮವಾಗಿ ಸುಮಾರು 66 ಮತ್ತು 93 ಕೆ.ಜಿ.ಗೆ ಸಮ. ಬದಿ ತೆರೆದ ಶೆಡ್‌ನಲ್ಲಿ ಗಾಳಿ ಒಳನುಗ್ಗಿ ಚಾವಣಿಯನ್ನು ಮೇಲಕ್ಕೆ ಎತ್ತುತ್ತದೆ. ಹೀಗಾಗಿ ಜೋಡಣೆಗಳು ಭಾರವನ್ನು ಹೊರುವುದಷ್ಟೇ ಅಲ್ಲ, ಚಾವಣಿಯನ್ನು ಕೆಳಕ್ಕೆ ಹಿಡಿದಿಡಲೂ ಬೇಕು.

ಉದಾಹರಣೆ: 6 ಮೀಟರ್ ಅಗಲದ ಶೆಡ್‌ನಲ್ಲಿ ಕಂಬಗಳ ಅಂತರ 4 ಮೀಟರ್ ಇದ್ದರೆ, ಒಂದು ಕಂಬದ ಪಾಲಿಗೆ 12 ಚದರ ಮೀಟರ್ ಚಾವಣಿ ಬರುತ್ತದೆ. 66 ಕೆ.ಜಿ. ಒತ್ತಡವು ಪೂರ್ಣವಾಗಿ ಮೇಲೆತ್ತುತ್ತದೆ ಎಂದು ಭಾವಿಸಿದರೆ ಎತ್ತುಬಲ ಸುಮಾರು 790 ಕೆ.ಜಿ. ಇದನ್ನು ಸುರಕ್ಷತೆಗಾಗಿ 1.5ರಿಂದ ಗುಣಿಸಿ, ಚಾವಣಿಯ 180 ಕೆ.ಜಿ. ಸ್ವಂತ ಭಾರದಲ್ಲಿ ಶೇ. 90ನ್ನು ಮಾತ್ರ ಕಳೆದರೆ ಸುಮಾರು 1,030 ಕೆ.ಜಿ. ಉಳಿಯುತ್ತದೆ. ತಗಡು, ಪರ್ಲಿನ್, ಟ್ರಸ್, ಕಂಬ ಮತ್ತು ಅಡಿಪಾಯದ ನಡುವಿನ ಪ್ರತಿಯೊಂದು ಜೋಡಣೆಯೂ ತನ್ನ ಪಾಲಿನ ಬಲವನ್ನು ತಾಳಿಕೊಂಡು ಮುಂದಿನದಕ್ಕೆ ದಾಟಿಸಬೇಕು.

ಬೋಲ್ಟ್ ಜೋಡಣೆ (ಐಎಸ್ 800:2007ರಂತೆ)

• 4.6 ದರ್ಜೆಯ 16 ಮಿ.ಮೀ. ಬೋಲ್ಟ್ ಒಂದು ಅಡ್ಡ ಕತ್ತರಿಸುವ ಬಲದಲ್ಲಿ ಸುಮಾರು 2,900 ಕೆ.ಜಿ. ತಡೆಯುತ್ತದೆ.
• ಇದಕ್ಕೆ 18 ಮಿ.ಮೀ. ರಂಧ್ರವಿರಲಿ. ರಂಧ್ರವನ್ನು ಡ್ರಿಲ್‌ನಿಂದಲೇ ಕೊರೆಯಬೇಕು. ಗ್ಯಾಸ್‌ನಿಂದ ಸುಟ್ಟು ತೆಗೆಯಬಾರದು.
• ಬೋಲ್ಟ್‌ಗಳ ನಡುವೆ ಕನಿಷ್ಠ 40 ಮಿ.ಮೀ., ರಂಧ್ರದ ಮಧ್ಯದಿಂದ ಕೈಯಿಂದ ಕತ್ತರಿಸಿದ ಅಂಚಿಗೆ ಕನಿಷ್ಠ 31 ಮಿ.ಮೀ. ಅಂತರವಿರಲಿ. ಇಲ್ಲವಾದರೆ ಬೋಲ್ಟ್ ಗಟ್ಟಿಯಾಗಿದ್ದರೂ ಪ್ಲೇಟ್ ಹರಿಯುತ್ತದೆ.
• ಪ್ರತಿ ಜೋಡಣೆಗೆ ಕನಿಷ್ಠ ಎರಡು ಬೋಲ್ಟ್ ಹಾಗೂ ವಾಷರ್ ಬಳಸಿ.

ಬೆಸುಗೆ

10 ಮಿ.ಮೀ.ವರೆಗಿನ ದಪ್ಪದ ಉಕ್ಕಿಗೆ ಮೂಲೆ ಬೆಸುಗೆಯ ಅಳತೆ ಕನಿಷ್ಠ 3 ಮಿ.ಮೀ. ಇರಬೇಕು. ಭಾಗಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ಚುಕ್ಕೆ ಬೆಸುಗೆಯನ್ನು ಜೋಡಣೆಯೆಂದು ಎಣಿಸಬಾರದು. ಸ್ಥಳದಲ್ಲಿ ಮಾಡುವ ಬೆಸುಗೆಗೆ ಮಾನಕವು ಕಾರ್ಖಾನೆಯ ಬೆಸುಗೆಗಿಂತ ಕಡಿಮೆ ಬಲವನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಆದ್ದರಿಂದ ಬೆಸುಗೆಯನ್ನು ಆದಷ್ಟು ಕಾರ್ಯಾಗಾರದಲ್ಲೇ ಮುಗಿಸಿ, ಸ್ಥಳದಲ್ಲಿ ಬೋಲ್ಟ್ ಬಿಗಿಯುವುದು ಉತ್ತಮ. ಸತು ಲೇಪಿತ ಕೊಳವೆಯನ್ನು ಬೆಸೆದಾಗ ಲೇಪನ ಸುಟ್ಟುಹೋಗುವುದರಿಂದ ಆ ಜಾಗಕ್ಕೆ ಸತುವಿನ ಪ್ರೈಮರ್ ಬಳಿಯಬೇಕು.

ಕಂಬದ ಬುಡ

ಮೇಲಿನ ಉದಾಹರಣೆಯಲ್ಲಿ 16 ಮಿ.ಮೀ.ನ ಒಂದೇ ಬೋಲ್ಟ್ ಎಳೆತದಲ್ಲಿ 4,000 ಕೆ.ಜಿ.ಗೂ ಹೆಚ್ಚು ತಾಳುತ್ತದೆ. ಕೊರತೆ ಬೀಳುವುದು ಅಡಿಪಾಯದ ತೂಕದಲ್ಲಿ. 1,030 ಕೆ.ಜಿ. ಎತ್ತುಬಲಕ್ಕೆ ಸುಮಾರು 80 × 80 × 75 ಸೆಂ.ಮೀ. ಕಾಂಕ್ರೀಟ್ ಬೇಕಾಗುತ್ತದೆ. ಆಂಕರ್ ಬೋಲ್ಟ್‌ಗಳು ಕೊಕ್ಕೆಯೊಂದಿಗೆ ಅದರ ಆಳಕ್ಕಿಳಿದಿರಬೇಕು. ಕೊಟ್ಟಿಗೆಯಲ್ಲಿ ಗಂಜಲ ಮತ್ತು ಸಗಣಿ ತಾಗಿ ಬುಡ ಬೇಗ ತುಕ್ಕು ಹಿಡಿಯುವುದರಿಂದ ಬೇಸ್ ಪ್ಲೇಟನ್ನು ನೆಲಮಟ್ಟಕ್ಕಿಂತ ಎತ್ತರದ ಕಾಂಕ್ರೀಟ್ ಪೀಠದ ಮೇಲೆ ಕೂರಿಸಿ, ನೀರು ನಿಲ್ಲದಂತೆ ಇಳಿಜಾರು ಕೊಡಬೇಕು.

ವಾರ್ಷಿಕ ತಪಾಸಣೆ

ಮುಂಗಾರಿಗೆ ಮುನ್ನ ಸಡಿಲ ನಟ್, ಬೆಸುಗೆಯ ಬಿರುಕು ಮತ್ತು ಬುಡದ ತುಕ್ಕನ್ನು ಪರೀಕ್ಷಿಸಿ. ಚಾವಣಿಯ ಅಂಚು ಮತ್ತು ಮೂಲೆಗಳಲ್ಲಿ ಗಾಳಿಯ ಸೆಳೆತ ಹೆಚ್ಚಿರುವುದರಿಂದ ಅಲ್ಲಿ ಸ್ಕ್ರೂಗಳನ್ನು ಹತ್ತಿರ ಹತ್ತಿರ ಹಾಕಿ.

ಸೂಚನೆ: ಇಲ್ಲಿನ ಲೆಕ್ಕ ತಿಳಿವಳಿಕೆಗಾಗಿ ಮಾತ್ರ. ಶೆಡ್‌ನ ಎತ್ತರ, ಇಳಿಜಾರು ಮತ್ತು ಸ್ಥಳವನ್ನು ಅನುಸರಿಸಿ ಬಲಗಳು ಬದಲಾಗುತ್ತವೆ. ನಿರ್ಮಾಣಕ್ಕೆ ಮುನ್ನ ಅರ್ಹ ಎಂಜಿನಿಯರ್‌ರಿಂದ ಜೋಡಣೆಯ ನಕ್ಷೆಯನ್ನು ಪಡೆದು, ಅದರಂತೆಯೇ ಕೆಲಸ ಮಾಡಿಸಿ.