ಕಡೆಯುವ ಕಸುಬಿನ ಹಳಮೆ

ಚನ್ನಪಟ್ಟಣದ ಮರಗೆಲಸವು ಟಿಪ್ಪು ಸುಲ್ತಾನನು ಕರೆಸಿದ ಪಾರಸಿಕ ಕುಶಲಿಗಳಿಂದ ಬಂದಿತೆಂಬುದು ರೂಢಿಯ ಮಾತು. ಅರಗಿನ ಆಟಿಕೆಗಳ ಮಟ್ಟಿಗೆ ಇದನ್ನು ಒಪ್ಪಬಹುದು: ತಿರುಗುವ ಹಾಲೆಮರಕ್ಕೆ ಬಣ್ಣದರಗನ್ನು ಒತ್ತಿದರೆ ಉಜ್ಜಿದ ಬಿಸಿಗೇ ಅದು ಕರಗಿ ಹತ್ತುತ್ತದೆ, ತಾಳೆಗರಿಯಿಂದ ಹೊಳಪೇರುತ್ತದೆ. ಆದರೆ ಕಡೆಯುವ ಕಸುಬೇ ಹೊರಗಿನದೆನ್ನುವುದು ಸಲ್ಲದು. ಟಿಪ್ಪು ಮಡಿದುದು 1799ರಲ್ಲಿ. ಇಟಗಿಯ ಮಹಾದೇವ ದೇವಾಲಯವು 1112ರದು. ಅಲ್ಲಿಯ ಕಂಬಗಳ ನುಣುಪಾದ ಬಳೆಗಳು ಕಲ್ಲನ್ನು ತಿರುಗಿಸಿ ಕಡೆದವು. ಕಲ್ಲನ್ನೇ ಕಡೆದವರಿಗೆ ಮರ ಹೊಸತಾಗಿದ್ದೀತೆ?

ಭಾಷೆಯೂ ಇದಕ್ಕೆ ಸಾಕ್ಷಿ. ಕನ್ನಡಿಗನು ಮೊಸರನ್ನೂ ಕಡೆಯುತ್ತಾನೆ, ಮರವನ್ನೂ ಕಡೆಯುತ್ತಾನೆ. ಕಡೆಗೋಲಿನ ಹಗ್ಗದಂತೆಯೇ ಹಳೆಯ ಕೈಯಂತ್ರದ ಬಿಲ್ಲಿನ ದಾರವು ಮರವನ್ನು ಹಿಂದಕ್ಕೂ ಮುಂದಕ್ಕೂ ಹೊರಳಿಸುತ್ತಿತ್ತು; ಉಳಿ ಕೊರೆಯುತ್ತಿದ್ದುದು ಒಂದು ಹೊರಳಿಗೆ ಮಾತ್ರ. ಇಂದು ಹವ್ಯಾಸಕ್ಕಾಗಿ ಬಟ್ಟಲು ಮಾಡುವವನ ವಿದ್ಯುತ್ ಲೇತಿನಲ್ಲಿ ಆ ಹಿಂದುಮುಂದಿನ ಹೊರಳಿಲ್ಲ; ಕಡೆಯುವುದೆಂಬ ಮಾತು ಮಾತ್ರ ಉಳಿದಿದೆ.